ಗಂಟು ಗಡಿ ದಾಟಿತು, ಗುರುಶಾಂತವ್ವ ದಾಟಲಿಲ್ಲ

ಗಡಿ ಠಾಣೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಠಾಣೆಯ ಬೆಂಚಿನ ಬಳಿ ಕಾವಲಿಗಿದ್ದ ನರೆಮೀಸೆಯ ಅಧಿಕಾರಿಯನ್ನು ಕಳೆದ ಸೋಮವಾರದಿಂದ ಬೇರೆ ಠಾಣೆಗೆ ಕಳುಹಿಸಲಾಗಿದೆ. ಇದನ್ನು ತಿಳಿಸಿದವರು ನಿಮ್ಮ ಕಚೇರಿಯಲ್ಲೇ ಫೋನ್ ಎತ್ತಿಕೊಳ್ಳುವ ಮಹಿಳೆ. ಯಾವ ಠಾಣೆಗೆ ಎಂದು ಕೇಳಿದೆ. ಹೇಳುವ ಅಧಿಕಾರ ತಮಗಿಲ್ಲ ಎಂದರು. ಯಾಕೆ ಎಂದು ಕೇಳಿದೆ. ವಾಡಿಕೆಯ ಬದಲಾವಣೆ ಎಂದರು. ಒಬ್ಬ ಮುದುಕಿ ನಿಮ್ಮ ಗಡಿಯನ್ನು ದಾಟಲಿಲ್ಲ ಎಂದು ಕಣ್ಣಾರೆ ಕಂಡ ಒಬ್ಬನೇ ಸರ್ಕಾರಿ ಸಾಕ್ಷಿ ಆತ. ವಿಚಾರಣೆಗೆ ಮೂರು ವಾರವೂ ಉಳಿದಿಲ್ಲದಿರುವಾಗ ನಿಮ್ಮ ವಾಡಿಕೆಗೆ ಆತನೇ ಬೇಕಾದದ್ದು ಹೇಗೆ ಎಂಬುದು ನನ್ನ ಮೊದಲ ಪ್ರಶ್ನೆ.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ದೂರನ್ನು ನೇರವಾಗಿ ಹೇಳುತ್ತೇನೆ. ಲಾಸ್ ಏಂಜಲೀಸಿನ ಉತ್ತರಕ್ಕೆ ಸ್ಯಾಂಟಾ ಕ್ಲಾರಿಟಾ ಕಣಿವೆಯಲ್ಲಿರುವ ನನ್ನ ಗೆಳೆಯ ಅಪ್ಪಾಸಾಹೇಬರ ತಾಯಿ ಗುರುಶಾಂತವ್ವ. ಮುಧೋಳದವರು, ಅರವತ್ತೆಂಟು ವರ್ಷ. ಮಗನ ಮನೆಯಲ್ಲಿ ಕಾಯಂ ಆಗಿ ಇರಲು ಅನುಮತಿ ಕೋರಿ ಅರ್ಜಿ ಹಾಕಿ ವರ್ಷ ಕಳೆಯಿತು. ತೀರ್ಮಾನ ಆಗುವವರೆಗೆ ದೇಶದ ಹೊರಗೆ ಕಾಲಿಟ್ಟರೆ ಅರ್ಜಿ ರದ್ದಾಗುತ್ತದೆ ಎಂದು ವಕೀಲರು ಮೊದಲೇ ಎಚ್ಚರಿಸಿದ್ದರು. ಆಕೆ ಕಾಲಿಟ್ಟಿಲ್ಲ. ಆದರೆ ಡಿಸೆಂಬರ್ ಹದಿನಾಲ್ಕರ ಶುಕ್ರವಾರ ಆಕೆ ಮೆಕ್ಸಿಕೋಗೆ ಹೋದರು, ಆಮೇಲೆ ನಿಮ್ಮ ಕಣ್ಣು ತಪ್ಪಿಸಿ ಒಳಗೆ ಬಂದರು ಎಂದು ನಿಮ್ಮ ಠಾಣೆ ವರದಿ ಮಾಡಿದೆ. ಆ ವರದಿ ಊರ್ಜಿತವಾದರೆ ಆಕೆ ಮಗ ಸೊಸೆಯನ್ನು ಬಿಟ್ಟು ಹೊರಡಬೇಕು. ಮತ್ತೆ ಯಾವಾಗ ಬರಬಹುದು ಎಂದು ಹೇಳುವವರಿಲ್ಲ. ಪಾಸ್‌ಪೋರ್ಟ್ ನಿಮ್ಮ ಕಪಾಟಿನಲ್ಲಿದೆ.

ಈ ಪತ್ರದ ಇಂಗ್ಲಿಷ್ ಪ್ರತಿ ರಿಜಿಸ್ಟರ್ಡ್ ಅಂಚೆಯಲ್ಲಿ ನಿಮಗೆ ಬರುತ್ತಿದೆ. ಕನ್ನಡದ್ದು ಇಲ್ಲಿನ ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಯಲ್ಲಿ ಅಚ್ಚಾಗುತ್ತಿರುವುದಕ್ಕೆ ಕಾರಣವಿದೆ. ‘ನಮಗೆ ಮಾಹಿತಿ ಬಂದಿತ್ತು’ ಎಂದು ನಿಮ್ಮವರು ಹೇಳಿದ ಒಂದು ಮಾತಿನಿಂದ ಎರಡು ತಿಂಗಳು ನಾವು ನಮ್ಮವರನ್ನೇ ಅನುಮಾನಿಸಿದೆವು. ನಿಮ್ಮ ಕಚೇರಿಯಲ್ಲಿ ಕನ್ನಡ ಓದುವವರು ಯಾರೋ ಇದ್ದಾರೆ ಎಂದೇ ನಂಬಿದ್ದೆವು. ಇದ್ದರೆ ಅವರು ಇದನ್ನು ಓದಲಿ. ಇಲ್ಲದಿದ್ದರೆ ಓದಬೇಕಾದ ಇನ್ನೊಬ್ಬರು ನಮ್ಮಲ್ಲಿದ್ದಾರೆ.

ನನ್ನ ತಂದೆ ಮೈಸೂರಿನ ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳುಹಿಸುತ್ತಿದ್ದವರು. ಏನಾಯಿತು ಎಂಬುದು ಮೊದಲು, ಯಾರು ಹೇಳಿದರು ಎಂಬುದು ಆಮೇಲೆ, ನೀನು ನೋಡದ್ದನ್ನು ನೋಡಿದಂತೆ ಬರೆಯಬೇಡ ಎಂದು ಕಲಿಸಿದರು. ನಾನು ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯ ಒಂದು ಉಪಕರಣ ತಯಾರಿಕಾ ಕಂಪನಿಯಲ್ಲಿ ಎಂಜಿನಿಯರ್. ಅಲ್ಲೂ ನಿಯಮ ಅದೇ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಎಂಬತ್ತಮೂರರ ಮಹಾಪೂರದ ನಂತರ ಕೊಲರಾಡೋ ನದಿ ಮತ್ತೆ ಸಮುದ್ರ ಮುಟ್ಟುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದವನು ನಾನು. ಎಷ್ಟೋ ವರ್ಷಗಳಿಂದ ಮೆಕ್ಸಿಕೋದ ಮರಳಲ್ಲಿ ಇಂಗಿಹೋಗುತ್ತಿದ್ದ ನದಿ ಅದು. ಈಗ ಗಡಿಯ ಆಚೆ ಮೈಲಿಗಟ್ಟಲೆ ನೀರು, ಜೊಂಡು, ಹಕ್ಕಿ. ಕನೂ ದೋಣಿಯಲ್ಲಿ, ಎಂದರೆ ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ ಉದ್ದನೆಯ ಕಿರಿದಾದ ದೋಣಿಯಲ್ಲಿ, ಎರಡು ರಾತ್ರಿ ಅಲ್ಲಿ ಕಳೆದು ಬರೋಣ ಎಂದು ಆ ಪತ್ರಿಕೆಯ ತುಣುಕನ್ನು ಅಪ್ಪಾಸಾಹೇಬರಿಗೆ ತೋರಿಸಿದೆ.

“ಸತ್ಯಮೂರ್ತಿಯವ್ರ, ನಾ ಘಟಪ್ರಭಾದಾಗ ಈಜಿ ಬೆಳದಾಂವ,” ಎಂದರು ಅವರು. “ನಿಮ್ಮೂರ ಮಿಷನ್ ಬೇ ಹಿನ್ನೀರಾಗ ಬಾತುಕೋಳಿ ನೋಡಿಕೋತ ಹುಟ್ಟು ಹಾಕಿದ್ದು ಸಾಕಾಗೇತಿ. ನಡೀರಿ, ಖರೇ ಹೊಳಿಗೆ ಹೋಗೂಣು.”

ನನ್ನ ಹೆಂಡತಿ ನಿರುಪಮಾ ಮೈಸೂರಿನವಳು. ಅವಳ ಅಭಿಪ್ರಾಯ ಬೇರೆ ಇತ್ತು. “ಸಿಂಕಲ್ಲಿ ನೀರು ಕಟ್ಟಿಕೊಂಡ್ರೆ ಪ್ಲಂಬರ್‌ಗೆ ಫೋನ್ ಮಾಡೋರು ನೀವು. ಹೊಳೆ ಮಧ್ಯೆ ಯಾರಿಗೆ ಫೋನ್ ಮಾಡ್ತೀರಿ?” ಎಂದಳು. ತಾನು ಬರುವುದಿಲ್ಲ, ಗುರುಶಾಂತವ್ವನವರ ಜೊತೆ ನಮ್ಮ ಮನೆಯಲ್ಲಿರುತ್ತೇನೆ ಎಂದೂ ಆಗಲೇ ಹೇಳಿಬಿಟ್ಟಳು.

ಹೊರಡುವುದು ನಾಲ್ವರು ಎಂದಾಯಿತು: ನಾನು, ಅಪ್ಪಾಸಾಹೇಬ, ಅವರ ಹೆಂಡತಿ ಜಯದೇವಿ, ಮತ್ತು ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಬೆಳಗಾವಿಯ ಬಾಳಾಸಾಹೇಬ. ನಾನು ಯೋಜನೆ ಮಾಡಿದೆ. ನಕ್ಷೆ ತರಿಸಿದೆ. ಸಮುದ್ರದ ಉಬ್ಬರ ನದಿಯೊಳಗೆ ಎಲ್ಲಿಯವರೆಗೆ ನುಗ್ಗುತ್ತದೆ ಎಂದು ವಿಚಾರಿಸಿ ಅದಕ್ಕೆ ಬಹಳ ಮೊದಲೇ ಹಿಂದಿರುಗುವ ಜಾಗ ಗುರುತು ಮಾಡಿದೆ. ಮೆಕ್ಸಿಕೋದ ಪ್ರವಾಸಿ ಅನುಮತಿ, ಕಾರಿಗೆ ಆಚೆ ಕಡೆಯ ಇನ್ಶೂರೆನ್ಸ್, ತೇಲುವ ಜಾಕೆಟ್, ಕುಡಿಯುವ ನೀರಿನ ಕ್ಯಾನು, ಎಲ್ಲವನ್ನೂ ಹೊಂದಿಸಿದೆ. ಊಟದ ಜವಾಬ್ದಾರಿ ಜಯದೇವಿಯವರದು. ತಿಂಗಳಾದರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಕಾಡಿನ ಪ್ರವಾಸಕ್ಕೆಂದು ಈ ದೇಶದ ಅಂಗಡಿಗಳಲ್ಲಿ ಮಾರುವ ಒಣ ಆಹಾರಕ್ಕಿಂತ ಇದು ಹಗುರ ಎಂದು ತೂಕ ಹಾಕಿ ನೋಡಿದ್ದೇನೆ.

ನದಿಯ ದಂಡೆಯ ದೋಣಿಯವನ ಬಳಿ ದೋಣಿಗಳು ಖಾಲಿಯಿದ್ದದ್ದು ಡಿಸೆಂಬರ್ ಇಪ್ಪತ್ತೆರಡರ ಶನಿವಾರದಿಂದ ಮಾತ್ರ. ನಮ್ಮ ಮನೆಯ ಊಟದ ಮೇಜಿನ ಸುತ್ತ ಕೂತು ಈ ತಾರೀಖು ಹೇಳಿದ ಕೂಡಲೇ ಗುರುಶಾಂತವ್ವ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು.

“ಅವತ್ತ ಎಳ್ಳಮಾಸಿ. ಅಮಾಸಿ ದಿನ ಊರ ಬಿಟ್ಟು ಹೊಂಡತಾರೇನು? ಅದೂ ಶನಿವಾರ ಮೂಡಲ ದಿಕ್ಕಿಗೆ?”

“ದೋಣಿ ಅವತ್ತೇ ಸಿಗೂದು, ಅವ್ವಾ,” ಎಂದರು ಅಪ್ಪಾಸಾಹೇಬ.

“ದೋಣಿ ಅವತ್ತ ಸಿಗಲಿ. ನೀವು ಅದಕ್ಕಿಂತ ಮೊದಲ ಹೊಂಡ್ರಿ.”

“ನೌಕರಿ ಬಿಟ್ಟು ಹೋಗಬೇಕೇನು?”

“ನೀ ಯಾಕ ಹೋಗಬೇಕು? ಪರಸ್ಥಾನ ಇಟ್ಟರಾತು.”

ಮಾನ್ಯರೇ, ನಿಮ್ಮ ವರದಿಯಲ್ಲಿ ಇಲ್ಲದಿರುವುದು ಇದು. ದಯವಿಟ್ಟು ಗಮನಿಸಿ. ಪ್ರಯಾಣದ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮೊದಲು ಒಂದು ಒಳ್ಳೆಯ ದಿನ ನೋಡಿ, ಪ್ರಯಾಣಿಕರು ಬಳಸುವ ಒಂದೊಂದು ವಸ್ತುವನ್ನು ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊರಟರೆ ಪ್ರಯಾಣಿಕರು ಹೊರಟಂತೆ. ಆಮೇಲೆ ಅವರು ಯಾವ ದಿನ ಹೋದರೂ ದೋಷವಿಲ್ಲ, ದಾರಿಯಲ್ಲಿ ಗಂಟನ್ನು ಎತ್ತಿಕೊಂಡು ಮುಂದೆ ಹೋಗುತ್ತಾರೆ. ಪುಸ್ತಕದಲ್ಲಿ ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ನನ್ನ ಅಜ್ಜಿಯೂ ಇಡುತ್ತಿದ್ದರು, ಸಾಮಾನ್ಯವಾಗಿ ಎದುರು ಮನೆಯಲ್ಲಿ.

ಗುರುಶಾಂತವ್ವನವರಿಗೆ ಎದುರು ಮನೆ ಒಪ್ಪಿಗೆಯಾಗಲಿಲ್ಲ. “ಸೀಮಿ ದಾಟಿ ಹೊಂಟವರ ಗಂಟು ಸೀಮಿ ದಾಟಿನ ಇರಬೇಕು. ಆ ದೋಣಿಯವನ ಮನ್ಯಾಗ ಇಟ್ಟು ಬರ್ರಿ,” ಎಂದರು.

ಬಾಳಾಸಾಹೇಬರು ನಕ್ಕರು. “ಅವ್ವಾರ, ಇದು ಮುಧೋಳ ಜಮಖಂಡಿ ಗಡಿ ಅಲ್ರಿ. ಅಲ್ಲಿ ಬಂದೂಕ ಹಿಡಕೊಂಡು ನಿಂತಿರತಾರ.”

“ನಿಲ್ಲಲಿ. ನಾ ಏನ ಬಾಂಬ ಕಟ್ಟಿ ಕಳಸತೀನೇನು?”

“ವಾರಸುದಾರಿಲ್ಲದ ಗಂಟು ಗಡಿ ಆಕಡೆ ಬಿಟ್ಟು ಬಂದು, ವಾರ ಬಿಟ್ಟು ಹೊಳ್ಳಿ ತಗೊಂಡು ಬಂದ್ರ ಅದಕ್ಕ ಈ ದೇಶದಾಗ ಬ್ಯಾರೆ ಹೆಸರೈತ್ರಿ. ಗ್ರೀನ್ ಕಾರ್ಡ್ ಕೈಗೆ ಬಂದು ನನಗ ಆರು ತಿಂಗಳಾಗಿಲ್ಲ. ಈ ಗಂಟಿನ ಸವಾಸ ನನಗ ಬ್ಯಾಡ.”

ಅವರು ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡೆವು. ಮರುದಿನ ಫೋನ್ ಮಾಡಿ ಪ್ರವಾಸದಿಂದಲೇ ಹಿಂದೆ ಸರಿದರು.

ನಾನೂ ಅಪ್ಪಾಸಾಹೇಬರೂ ದೋಣಿಯ ಜಾಗವನ್ನು ಒಮ್ಮೆ ನೋಡಿಬರಬೇಕೆಂದಿದ್ದೆವು. ಶುಕ್ರವಾರ ಒಳ್ಳೆಯ ದಿನ ಎಂದು ಗುರುಶಾಂತವ್ವ ಹೇಳಿದ್ದರಿಂದ ಹದಿನಾಲ್ಕರ ಶುಕ್ರವಾರ ರಜೆ ಹಾಕಿದೆವು. ಗಂಟು ಗಡಿ ದಾಟುವುದನ್ನು ಕಣ್ಣಾರೆ ನೋಡಬೇಕೆಂದು ಆಕೆಯೂ ಹೊರಟರು, ಜೊತೆಗೆ ನಿರುಪಮಾ. ಗಡಿಯ ಹತ್ತಿರ ಹೋಗುವುದರಿಂದ ಪಾಸ್‌ಪೋರ್ಟ್ ಇಟ್ಟುಕೊ ಎಂದು ಅಪ್ಪಾಸಾಹೇಬರು ತಾಯಿಗೆ ಹೇಳಿದರು. ಯಾಕೆ ಎಂದು ಆಕೆ ಕೇಳಿದ್ದಕ್ಕೆ ಕೊಟ್ಟ ಉತ್ತರವನ್ನು ನಾನು ಕಾರಿನ ಮುಂದಿನ ಸೀಟಿನಲ್ಲಿ ಕೂತು ಕೇಳಿದ್ದೇನೆ.

“ಈ ದೇಶದಾಗ ನೀ ಅಂದ್ರ ಈ ಪುಸ್ತಕನ, ಅವ್ವಾ. ಇದು ಎಲ್ಲಿರತೈತಿ, ನೀ ಅಲ್ಲಿರತಿ.”

ಆಕೆ ಆ ಮಾತನ್ನು ನಂಬಿದರು. ನೀವೂ ನಂಬುತ್ತೀರಿ ಎಂದು ಆಗ ನಮಗೆ ಗೊತ್ತಿರಲಿಲ್ಲ.

ಗಂಟಿನಲ್ಲಿ ಒಂದು ಹಿಡಿ ಅಕ್ಕಿ, ಅಡಿಕೆ, ಬೆಲ್ಲದ ಚೂರು, ಅಪ್ಪಾಸಾಹೇಬರ ಕರವಸ್ತ್ರ, ಜಯದೇವಿಯವರ ಎರಡು ಗಾಜಿನ ಬಳೆ ಇದ್ದವು. ನನ್ನದೂ ಒಂದು ವಸ್ತು ಬೇಕೆಂದರು. ಇದರಲ್ಲಿ ನನಗೆ ನಂಬಿಕೆಯಿಲ್ಲ ಎಂದೆ. “ನಿಮಗ ಇರಬೇಕಾಗಿಲ್ರಿ, ಗಂಟಿಗೆ ಇದ್ರ ಸಾಕು,” ಎಂದು ನನ್ನ ಜೇಬಿನ ಪೆನ್ನು ತೆಗೆದುಕೊಂಡರು. ಠಾಣೆ ಬರುವ ಮೊದಲು ಹಿಂದಿನ ಸೀಟಿನಲ್ಲಿ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು. ಸಡಿಲವಾಗಿತ್ತೇನೋ ಎಂದುಕೊಂಡೆವು. ಗಡಿಯ ಈಚೆ, ನಿಮ್ಮ ಬೆಂಚಿನ ಮೇಲೆ ಆಕೆಯನ್ನೂ ನಿರುಪಮಾಳನ್ನೂ ಕೂರಿಸಿ, ನಾನೂ ಅಪ್ಪಾಸಾಹೇಬರೂ ಕಾರಿನಲ್ಲಿ ದಾಟಿದೆವು. ದೋಣಿಯವನಿಗೆ ಗಂಟು ಒಪ್ಪಿಸಿದೆವು. ಆತ ಏನೂ ಕೇಳದೆ ತನ್ನ ಮನೆಯ ಮೇರಿಯ ಪಟದ ಪಕ್ಕದಲ್ಲಿ ಇಟ್ಟ. ಮಧ್ಯಾಹ್ನ ಹಿಂದಿರುಗಿದಾಗ ಇಬ್ಬರೂ ಅದೇ ಬೆಂಚಿನ ಮೇಲಿದ್ದರು. ನಾಲ್ವರೂ ಮನೆಗೆ ಬಂದೆವು.

ಇಪ್ಪತ್ತೆರಡಕ್ಕೆ ನಾವು ಮೂವರು ಹೊರಟೆವು, ಬಾಳಾಸಾಹೇಬರ ಜಾಗದಲ್ಲಿ ದೋಣಿಯವನೇ ಹುಟ್ಟು ಹಿಡಿದ. ಗಂಟನ್ನು ಮುಂದಿನ ದೋಣಿಗೆ ಕಟ್ಟಿದೆವು. ಮನೆ ಮುಟ್ಟುವವರೆಗೆ ಬಿಚ್ಚಬಾರದು ಎಂದು ಅಪ್ಪಣೆಯಾಗಿತ್ತು, ಬಿಚ್ಚಲಿಲ್ಲ. ನದಿಯ ವರ್ಣನೆ ಈ ಪತ್ರಕ್ಕೆ ಸೇರಿದ್ದಲ್ಲ. ಚೆನ್ನಾಗಿತ್ತು ಎಂದಷ್ಟೇ ಹೇಳುತ್ತೇನೆ.

ಇಪ್ಪತ್ತನಾಲ್ಕರ ಸಂಜೆ ನಿಮ್ಮ ಠಾಣೆಗೆ ಬಂದೆವು. ಕಾರಿನ ಎಂಜಿನ್ ಆರಿಸುವ ಮೊದಲೇ ನಿಮ್ಮ ಯುವ ಅಧಿಕಾರಿ, “ಹಳದಿ ಗಂಟು ಎಲ್ಲಿದೆ?” ಎಂದು ಕೇಳಿದರು. ಹಣ್ಣಿದೆಯೇ, ಮದ್ಯವಿದೆಯೇ ಎಂದು ಕೇಳಲಿಲ್ಲ. ಗಂಟು ಕಾರಿನ ಹಿಂದಿನ ಡಿಕ್ಕಿಯಲ್ಲಿ, ಒದ್ದೆ ಬಟ್ಟೆಗಳ ಕೆಳಗಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದೆ. “ನಮಗೆ ಮಾಹಿತಿ ಬಂದಿತ್ತು.”

ಬಿಚ್ಚಿದರು. ಅಕ್ಕಿ ಚೆಲ್ಲಿತು. ಕರವಸ್ತ್ರದ ಮಡಿಕೆಯೊಳಗಿಂದ ಗುರುಶಾಂತವ್ವನವರ ಪಾಸ್‌ಪೋರ್ಟ್ ಬಂತು.

“ಅವ್ವಂದು ಇಲ್ಲಿ ಹೆಂಗ ಬಂತು?” ಅಪ್ಪಾಸಾಹೇಬರು ನನ್ನನ್ನು ಕೇಳಿದರು. ಜಯದೇವಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಇಂಗ್ಲಿಷಿನಲ್ಲಿ ಮಾತಾಡಿ ಎಂದು ನಿಮ್ಮವರು ಗದರಿದರು. ಅಪ್ಪಾಸಾಹೇಬರು ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರು.

ಈ ಮಹಿಳೆ ಎಲ್ಲಿ ಎಂದರು. ಸ್ಯಾನ್ ಡಿಯಾಗೋದ ನಮ್ಮ ಮನೆಯಲ್ಲಿ ಎಂದೆ. ನಂಬರ್ ತೆಗೆದುಕೊಂಡು ಫೋನ್ ಮಾಡಿದರು. ಗುರುಶಾಂತವ್ವ ಎತ್ತಿಕೊಂಡರು. ನಿರುಪಮಾ ಅಡುಗೆಮನೆಯ ಇನ್ನೊಂದು ಫೋನಿನಲ್ಲಿ ಕೂತು ಅನುವಾದ ಮಾಡಿದಳು. ಆ ಸಂಭಾಷಣೆಯನ್ನು ಅವಳು ನನಗೆ ಹೇಳಿದ ಹಾಗೆ ಬರೆಯುತ್ತಿದ್ದೇನೆ.

“ಯಾವಾಗ ಹೊರಟಿರಿ ಅಂತ ಕೇಳ್ತಿದ್ದಾರೆ, ಅಮ್ಮ.”

“ಶುಕ್ರವಾರ ಹೊಂಟೀನಂತ ಹೇಳವ್ವಾ.”

“ಅಯ್ಯೋ, ಹಂಗೆ ಹೇಳಬೇಡಿ. ನೀವು ಹೋಗ್ಲಿಲ್ವಲ್ಲ!”

“ಗಂಟಿನಾಗ ಹೊಂಟೀನಲ್ಲ! ಅಧಿಕಾರಿಗೆ ಸುಳ್ಳ ಹೇಳಂತಿಯೇನು?”

ನಿರುಪಮಾ ಇಡೀ ಪದ್ಧತಿಯನ್ನು ಇಂಗ್ಲಿಷಿನಲ್ಲಿ ವಿವರಿಸಿದಳು. ನಿಮ್ಮವರು ತಾಳ್ಮೆಯಿಂದ ಕೇಳಿದರಂತೆ. ವರದಿಯಲ್ಲಿ ಉಳಿದಿರುವುದು ಮಾತ್ರ ಒಂದೇ ವಾಕ್ಯ: ತಾನು ಶುಕ್ರವಾರ ಹೊರಟೆ ಎಂದು ಅರ್ಜಿದಾರರು ಒಪ್ಪಿಕೊಂಡಿದ್ದಾರೆ.

ಅಂದು ನಾವು ಮನೆ ಮುಟ್ಟಿದಾಗ ಅಪ್ಪಾಸಾಹೇಬರು ಶೂ ಬಿಚ್ಚದೆ ಒಳಗೆ ಹೋಗಿ ತಾಯಿಯ ಮುಂದೆ ನಿಂತರು. ಯಾಕೆ ಹಾಕಿದೆ ಎಂದು ಕೂಗಿದರು. ಆಕೆ ಮುಚ್ಚಿಡಲಿಲ್ಲ.

“ಮಲ್ಲವ್ವನ ಮುಖ ನೋಡಿ ವರ್ಷ ಮ್ಯಾಲಾತು. ನಾ ಊರಿಗೆ ಹೋಗಿ ಬರಬೇಕಂದ್ರ ಕಾಗದ ಆಗಬೇಕಂತಿ. ಕಾಗದ ಆಗವಲ್ದು. ಅದಕ್ಕ ನಂದೂ ಒಂದು ಪರಸ್ಥಾನ ಇರಲಿ ಅಂತ ಇಟ್ಟೆ. ಆ ಪುಸ್ತಕನ ನಾ ಅಂತ ನೀನ ಹೇಳಿದೆಲ್ಲಪಾ. ಅದು ಹೊಂಟ್ರ ನನ್ನ ಕೆಲಸಾನೂ ಹೊಂಡತೈತಿ ಅನಕೊಂಡೆ.”

ಮಲ್ಲವ್ವ ಮುಧೋಳದಲ್ಲಿರುವ ಅವರ ಮಗಳು. ಅಪ್ಪಾಸಾಹೇಬರು ಅಲ್ಲೇ ನೆಲದ ಮೇಲೆ ಕೂತು ಶೂ ಬಿಚ್ಚತೊಡಗಿದರು.

ಈಗ ನಿಮ್ಮ ತರ್ಕಕ್ಕೆ ಬರೋಣ. ಪಾಸ್‌ಪೋರ್ಟ್ ಹದಿನಾಲ್ಕರಂದು ಗಡಿ ದಾಟಿದೆ. ಆದ್ದರಿಂದ ಅದರ ಒಡತಿಯೂ ದಾಟಿದ್ದಾರೆ. ಗಮನಿಸಿ ಮಾನ್ಯರೇ, ಇದು ಗುರುಶಾಂತವ್ವನವರ ನಂಬಿಕೆಯೇ. ವಸ್ತು ಹೋದರೆ ಮನುಷ್ಯ ಹೋದ ಹಾಗೆ. ಒಂದೇ ವ್ಯತ್ಯಾಸ: ಆಕೆ ಅದನ್ನು ನಂಬಿಕೆ ಎಂದು ಕರೆಯುತ್ತಾರೆ, ನೀವು ಸಾಕ್ಷ್ಯ ಎಂದು ಕರೆಯುತ್ತೀರಿ. ಆಕೆ ತಮ್ಮ ನಂಬಿಕೆಯಿಂದ ಯಾರನ್ನೂ ದೇಶದಿಂದ ಕಳುಹಿಸಿಲ್ಲ. ಹಾಗಿದ್ದರೆ ನನ್ನ ಪೆನ್ನು ಒಂದು ವಾರ ಮೆಕ್ಸಿಕೋದಲ್ಲಿತ್ತು, ಅಷ್ಟೂ ದಿನ ನಾನು ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಮಾಡಿದೆ. ನನ್ನ ಮೇಲೆ ಯಾಕೆ ವರದಿಯಿಲ್ಲ? ಜಯದೇವಿಯವರ ಬಳೆಗಳ ಮೇಲೆ? ಪರಸ್ಥಾನವನ್ನು ಅಮೆರಿಕ ಸರ್ಕಾರ ಅಂಗೀಕರಿಸುವುದಾದರೆ ಪೂರ್ತಿಯಾಗಿ ಅಂಗೀಕರಿಸಲಿ. ನಮ್ಮ ಊರುಗಳಲ್ಲಿ ಸಂತೋಷಪಡುವವರು ಬಹಳ ಜನರಿದ್ದಾರೆ.

ಎಳ್ಳಮಾಸಿಯ ದಿನ ಆಕೆ ಸ್ಯಾನ್ ಡಿಯಾಗೋದಲ್ಲೇ ಇದ್ದರು ಎಂಬುದಕ್ಕೆ ಸಾಕ್ಷಿ ಕೊಟ್ಟೆವು. ಆ ದಿನ ಹೊಲಕ್ಕೆ ಹೋಗಿ ಬೆಳೆಗೆ ಎಡೆ ಚೆಲ್ಲುವುದು ಮುಧೋಳದ ಪದ್ಧತಿ. ಹೊಲವಿಲ್ಲದ್ದರಿಂದ ಆಕೆ ನಮ್ಮ ಹಿತ್ತಲಿನ ನಿಂಬೆ ಗಿಡದ ಸುತ್ತ ಅನ್ನ, ರೊಟ್ಟಿ ಚೆಲ್ಲಿದರು. ಬೇಲಿಯಾಚೆಯಿಂದ ನೋಡಿದವರು ಪಕ್ಕದ ಮನೆಯ ನಿವೃತ್ತ ನೌಕಾಪಡೆಯವರು. ಅವರ ನಾಯಿ ಬೇಲಿಯ ಸಂದಿಯಿಂದ ನುಸುಳಿ ಆ ರೊಟ್ಟಿಯನ್ನು ತಿಂದಿದೆ. ಅವರು ಸಹಿ ಹಾಕಿ ಹೇಳಿಕೆ ಕೊಟ್ಟಿದ್ದಾರೆ. ನಿಮ್ಮ ಉತ್ತರ ಬಂತು: ಇಪ್ಪತ್ತೆರಡರಂದು ಇದ್ದರು ಎಂದರೆ ಹದಿನಾಲ್ಕರಂದು ಹೋಗಲಿಲ್ಲ ಎಂದಾಗುವುದಿಲ್ಲ, ನಡುವೆ ಕಳ್ಳದಾರಿಯಲ್ಲಿ ಬಂದಿರಬಹುದು. ಈ ಸಾಧ್ಯತೆಯನ್ನೂ ಪರಿಶೀಲಿಸಿದೆ. ನಮ್ಮ ಮನೆಗೆ ಎರಡು ಮೆಟ್ಟಿಲುಗಳಿವೆ. ಗುರುಶಾಂತವ್ವ ಅವನ್ನು ಹತ್ತುವಾಗ ಒಂದು ಕೈ ನಿರುಪಮಾಳ ಹೆಗಲ ಮೇಲೆ, ಒಂದು ಕೈ ಗೋಡೆಯ ಮೇಲಿರುತ್ತದೆ. ನಿಮ್ಮ ಬೇಲಿಯನ್ನು ಹತ್ತುವಾಗ ಯಾರ ಹೆಗಲಿತ್ತು ಎಂದು ವರದಿ ಹೇಳಿಲ್ಲ.

ಅದರ ಜೊತೆಗೆ ನಿಮ್ಮ ಆ ‘ಮಾಹಿತಿ’. ಆಚೆಯ ದೋಣಿಯವನನ್ನು ಬಿಟ್ಟರೆ ಗಂಟಿನ ವಿಷಯ ಗೊತ್ತಿದ್ದವರು ನಮ್ಮ ಊಟದ ಮೇಜಿನ ಸುತ್ತ ಇದ್ದವರು ಮಾತ್ರ. ಅವರಲ್ಲಿ ಹೆದರಿದ್ದವರು, ಹಿಂದೆ ಸರಿದವರು ಒಬ್ಬರೇ. ಯಾರೂ ಬಾಯಿಬಿಟ್ಟು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅಪ್ಪಾಸಾಹೇಬರು ಬಾಳಾಸಾಹೇಬರಿಗೆ ಫೋನ್ ಮಾಡುವುದನ್ನು ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ಸಂಕ್ರಾಂತಿಯ ಕೂಟದಲ್ಲಿ ಅವರು ಎಳ್ಳುಬೆಲ್ಲದ ತಟ್ಟೆ ಹಿಡಿದು ಸಾಲಾಗಿ ಎಲ್ಲರ ಮುಂದೆ ಬಂದರು. ಜಯದೇವಿ ಆ ಹೊತ್ತಿಗೆ ಸೆರಗು ಸರಿಮಾಡಿಕೊಳ್ಳತೊಡಗಿದರು. ಅಪ್ಪಾಸಾಹೇಬರು ಕಿಟಕಿಯ ಕಡೆ ನೋಡಿದರು.

“ಯಾಕ್ರೀ, ನನ್ನ ಎಳ್ಳಿಗೆ ಏನಾಗೇತಿ? ಕಹಿ ಹತ್ತೇತೇನು?” ಎಂದು ಬಾಳಾಸಾಹೇಬರು ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

ಗುರುಶಾಂತವ್ವ ಒಬ್ಬರೇ ಕೈ ಚಾಚಿ ತೆಗೆದುಕೊಂಡರು. ಆಕೆಗೆ ನಮ್ಮ ಅನುಮಾನವನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು.

ಫೆಬ್ರವರಿಯಲ್ಲಿ, ವಿಚಾರಣೆಗೆ ಬೇಕಾದ ಪಾಸ್‌ಪೋರ್ಟಿನ ನಕಲು ಕೇಳಲು ನಾನೂ ಅಪ್ಪಾಸಾಹೇಬರೂ ಗುರುಶಾಂತವ್ವನವರನ್ನು ಕರೆದುಕೊಂಡು ನಿಮ್ಮ ಠಾಣೆಗೆ ಬಂದೆವು. ಕಾರಿನಿಂದ ಇಳಿದ ಆಕೆ ಬೆಂಚಿನ ಕಡೆ ನೋಡಿ ಕೈ ಎತ್ತಿದರು. “ಇಂವನ ನೋಡು, ಅವತ್ತ ನನಗ ನೀರ ಕೊಟ್ಟಾಂವ!”

ನರೆಮೀಸೆಯ ಅಧಿಕಾರಿ ನಗುತ್ತಾ ಹತ್ತಿರ ಬಂದರು. ಟೋಪಿ ತೆಗೆದು ಆಕೆಗೆ ವಂದಿಸಿದರು. ನನ್ನ ಕಡೆ ತಿರುಗಿ, “ಇವರ ಹಳದಿ ಗಂಟು ಹಿಂದಕ್ಕೆ ಬಂತೇ?” ಎಂದು ಕೇಳಿದರು.

ನಾನೂ ಅಪ್ಪಾಸಾಹೇಬರೂ ಒಬ್ಬರನ್ನೊಬ್ಬರು ನೋಡಿದೆವು.

ಆತ ಹೇಳಿದ್ದು ಇದು. ಡಿಸೆಂಬರಿನ ಆ ಶುಕ್ರವಾರ ಆಕೆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನಿರುಪಮಾ ಕಾಫಿ ತರಲು ಹೋಗಿದ್ದಳು. ಬಿಸಿಲಿತ್ತು, ನೀರು ಕೊಟ್ಟರು. ಆಕೆ ನಮ್ಮ ಕಾರು ಹೋದ ದಿಕ್ಕನ್ನು ತೋರಿಸಿದರು, ಸೆರಗಿನ ತುದಿಯನ್ನು ಗಂಟು ಕಟ್ಟಿ ತೋರಿಸಿದರು, ಪಕ್ಕದ ಫಲಕದ ಹಳದಿ ಬಣ್ಣವನ್ನು ತೋರಿಸಿದರು, ಕೈಯನ್ನು ಆಚೆ ಬೀಸಿ ಮತ್ತೆ ಈಚೆ ತಂದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡು ಬೆಂಚನ್ನು ತಟ್ಟಿದರು. ಹಳದಿ ಗಂಟು ಹೋಗಿದೆ, ಮತ್ತೆ ಬರುತ್ತದೆ, ನಾನು ಇಲ್ಲೇ ಇದ್ದೇನೆ ಎಂದು ಆತ ಅರ್ಥ ಮಾಡಿಕೊಂಡರು. ಸರಿಯಾಗಿಯೇ ಅರ್ಥ ಮಾಡಿಕೊಂಡರು. ನಿಯಮದಂತೆ ಅದನ್ನು ಪಾಳಿಯ ಮೇಲಧಿಕಾರಿಗೆ ತಿಳಿಸಿದರು.

“ಏನೆಂದು ತಿಳಿಸಿದಿರಿ?” ಎಂದೆ.

“ಒಬ್ಬ ಅಜ್ಜಿ ನಮ್ಮ ಬೆಂಚಿನ ಮೇಲೆ ಕೂತಿದ್ದಾರೆ, ಅವರ ಗಂಟು ಆಚೆಗೆ ಹೋಗಿದೆ ಎಂದು.”

ಕಾರಿನ ಬಳಿ ಬಂದ ಮೇಲೆ ಅಪ್ಪಾಸಾಹೇಬರು ತಾಯಿಯನ್ನು ಕೇಳಿದರು: “ಅವ್ವಾ, ಇದನ್ನ ಮೊದಲ ಯಾಕ ಹೇಳಲಿಲ್ಲ?”

“ನೀರು ಕೊಟ್ಟಾಂವಗ ಎರಡು ಮಾತು ಆಡಿದೆ. ಅದನ್ನೂ ಹೇಳಬೇಕೇನು? ಮುಚ್ಚಿಡೂದೇನಿತ್ತು ಅದರಾಗ?”

ಮಾಹಿತಿದಾರರು ಸಿಕ್ಕಿದರು, ಮಾನ್ಯರೇ. ಅರ್ಜಿದಾರರೇ. ಅಲ್ಲಿಂದಲೇ ಬಾಳಾಸಾಹೇಬರಿಗೆ ಫೋನ್ ಮಾಡಿದೆವು. ಅಪ್ಪಾಸಾಹೇಬರು ನಂಬರ್ ತಿರುಗಿಸಿ ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ವಿಷಯ ಹೇಳಿದೆ. ಅವರು ಹೇಳಿದರು: “ಅಂದ್ರ ಮುಂದಿನ ಸಂಕ್ರಾಂತಿಗೆ ನನ್ನ ಎಳ್ಳು ತಿಂತೀರಿ ಅಂತಾತು. ಆದ್ರ ಅವತ್ತ ನಾನೂ ಕಿಟಕಿ ಕಡೆ ನೋಡಾಂವ.” ಓದಬೇಕಾದ ಇನ್ನೊಬ್ಬರು ಎಂದು ನಾನು ಮೊದಲು ಹೇಳಿದ್ದು ಅವರನ್ನು. ಬಾಳಾಸಾಹೇಬರೇ, ಅಚ್ಚಿನಲ್ಲಿ ಕ್ಷಮೆ ಕೇಳುತ್ತಿದ್ದೇನೆ.

ಈಗ ಎಣಿಸಿ ನೋಡಿ. ನಿಮ್ಮ ಅಧಿಕಾರಿ ಹೇಳಿದ ವಾಕ್ಯದಲ್ಲಿ ಎರಡು ಭಾಗಗಳಿವೆ. ಅಜ್ಜಿ ಬೆಂಚಿನ ಮೇಲಿದ್ದಾರೆ, ಗಂಟು ಆಚೆಗೆ ಹೋಗಿದೆ. ಎರಡನೆಯ ಭಾಗವನ್ನು ನಂಬಿ ನೀವು ನಮ್ಮ ಕಾರನ್ನು ತಡೆದಿರಿ. ಮೊದಲನೆಯ ಭಾಗವನ್ನು ನಂಬಿದರೆ ನಿಮ್ಮ ಇಡೀ ವರದಿ ಬಿದ್ದುಹೋಗುತ್ತದೆ. ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬಂದ ಮಾತು. ಅರ್ಧ ನಂಬಲರ್ಹ, ಅರ್ಧ ಅಲ್ಲ ಎಂದು ತೀರ್ಮಾನಿಸಿದವರು ಯಾರು? ಯಾವಾಗ? ಆ ಅಧಿಕಾರಿಯ ಹೇಳಿಕೆ ಬೇಕೆಂದು ವಕೀಲರು ನಿಮಗೆ ಬರೆದದ್ದು ಫೆಬ್ರವರಿ ಕೊನೆಯ ವಾರ. ಆತನ ವರ್ಗಾವಣೆ ಮಾರ್ಚ್ ಮೊದಲ ಸೋಮವಾರ. ಇದು ಕಾಕತಾಳೀಯ ಇರಬಹುದು. ಇಲ್ಲ ಎನ್ನಲು ನನ್ನ ಬಳಿ ಪುರಾವೆಯಿಲ್ಲ, ಹಾಗಾಗಿ ಇಲ್ಲ ಎನ್ನುವುದಿಲ್ಲ. ಆದರೆ ಒಬ್ಬ ಮುದುಕಿಯ ವಿಷಯದಲ್ಲಿ ಪಾಸ್‌ಪೋರ್ಟ್ ಎಲ್ಲಿತ್ತೋ ಆಕೆಯೂ ಅಲ್ಲೇ ಇದ್ದಳು ಎಂದು ಊಹಿಸಬಲ್ಲ ಕಚೇರಿ, ತನ್ನ ವಿಷಯದಲ್ಲಿ ಜನ ಊಹಿಸಬಾರದು ಎಂದು ಹೇಗೆ ಕೇಳುತ್ತದೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಆ ಅಧಿಕಾರಿ ಯಾವ ಠಾಣೆಯಲ್ಲಿದ್ದರೂ ಸರಿ, ವಿಚಾರಣೆಯ ದಿನ ಅವರನ್ನು ಕಳುಹಿಸಿ. ಅಂದು ಹೇಳಿದ ವಾಕ್ಯವನ್ನು ಪೂರ್ತಿಯಾಗಿ ಹೇಳಲು ಬಿಡಿ. ಪಾಸ್‌ಪೋರ್ಟನ್ನು ಅವರ ಕೈಯಲ್ಲಿ ಕೊಟ್ಟು ಕಳುಹಿಸಿ. ಅಷ್ಟೇ.

ಇನ್ನೊಂದು ಮಾತನ್ನು ಮೊದಲೇ ತಿಳಿಸಿಬಿಡುತ್ತೇನೆ, ಆಮೇಲೆ ಮಾಹಿತಿ ಬಂತು ಎನ್ನಬಾರದು. ವಿಚಾರಣೆಗೆ ನೀವು ಗೊತ್ತು ಮಾಡಿರುವ ದಿನವೂ ಅಮಾವಾಸ್ಯೆ. ಮೇಲಾಗಿ ಗುರುವಾರ, ಸ್ಯಾಂಟಾ ಕ್ಲಾರಿಟಾದಿಂದ ಹೊರಡುವುದು ತೆಂಕಲಿಗೆ. ಗುರುವಾರ ತೆಂಕಲಿಗೆ ಹೊರಡಬಾರದು ಎಂದು ಗುರುಶಾಂತವ್ವ ಹೇಳುತ್ತಾರೆ. ಅದಕ್ಕಾಗಿ ಮಾರ್ಚ್ ಹದಿನೇಳರ ಭಾನುವಾರ ಆಕೆಯ ಹಳದಿ ಗಂಟು ಹೊರಡುತ್ತದೆ. ಅದರಲ್ಲಿ ಅಕ್ಕಿ, ಅಡಿಕೆ, ಬೆಲ್ಲ ಮತ್ತು ಆಕೆಯ ಕನ್ನಡಕದ ಡಬ್ಬಿ ಇರುತ್ತವೆ. ಪಾಸ್‌ಪೋರ್ಟ್ ಇರುವುದಿಲ್ಲ, ಅದು ನಿಮ್ಮ ಬಳಿ ಇದೆ. ತೆಂಕಣ ದಿಕ್ಕಿನಲ್ಲಿ ನಮಗಿರುವ ಮನೆ ಬಾಳಾಸಾಹೇಬರದು. ಗಂಟು ಇಡಲು ಜಾಗ ಕೊಡುತ್ತೀರಾ ಎಂದು ಅಪ್ಪಾಸಾಹೇಬರು ಕೇಳಿದ್ದಾರೆ. ಕೊಡುತ್ತೇನೆ ಎಂದಿದ್ದಾರೆ.

ವಿಚಾರಣೆ ಮಾರ್ಚ್ ಇಪ್ಪತ್ತೊಂದು, ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ, ಲಾಸ್ ಏಂಜಲೀಸಿನ ನಿಮ್ಮ ಇಲಾಖೆಯ ಕಟ್ಟಡದಲ್ಲಿ. ಗುರುಶಾಂತವ್ವ ಬರುತ್ತಾರೆ. ಕಾರು ಓಡಿಸುವವರು ಬಾಳಾಸಾಹೇಬ.

ಇಂತಿ,
ಪ್ರವಾಸದ ನಕ್ಷೆಯಲ್ಲಿ ಎಲ್ಲವನ್ನೂ ಗುರುತಿಸಿ ಆ ಬೆಂಚೊಂದನ್ನು ಬಿಟ್ಟವನು,
ಸತ್ಯಮೂರ್ತಿ
ಸ್ಯಾನ್ ಡಿಯಾಗೋ, ಮಾರ್ಚ್ ೧೦, ೧೯೮೫